ನಾಣಯ್ಯನ ಸಿನಿಮಾ

ವಿರಾಜಪೇಟೆಯ ಮದುವೆ ಹಾಲಿನಲ್ಲಿ
ಗೋಡೆಗೆ ಬಿಗಿದ ಬಿಳಿ ಪಂಚೆಯ ಮೇಲೆ
ನಾಣಯ್ಯನ ಸಿನಿಮಾ ಬಿತ್ತು.
ಟಿಕೆಟ್ಟು ಐವತ್ತು. ಅದರಲ್ಲೇ ಒಂದು ವಡೆ, ಅರ್ಧ ಲೋಟ ಕಾಫಿ.
ನಲವತ್ತು ಕುರ್ಚಿ ಹಾಕಿದ್ದರು, ಹದಿನೇಳು ತುಂಬಿತು.
ಅದರಲ್ಲಿ ಒಂಬತ್ತು ಮಂದಿ ಪರದೆಯ ಮೇಲೂ ಇದ್ದರು.

ಮದುವೆ ವಿಡಿಯೊ ತೆಗೆದು ತೆಗೆದು
ನಗುವವರನ್ನು ನೋಡಿಯೇ ಬೇಜಾರಾಯಿತಂತೆ ಅವನಿಗೆ.
ಓಮ್ನಿ ಮಾರಿದ. ಹೆಂಡತಿಯ ಬಳೆಯ ವಿಷಯ ಯಾರೂ ಕೇಳಲಿಲ್ಲ.
ಚಿತ್ರದ ಹೆಸರು ‘ಐದು ಬೀಗ’.
ಒಂದೇ ಸೂರು, ಐದು ಜನ, ಐದು ಕೋಣೆ,
ಯಾರಿಗೂ ಯಾರೂ ಬೇಡ.
ಚೆನ್ನಾಗಿಯೇ ಇತ್ತು, ಹೋಟೆಲಿನಲ್ಲಿ ಕೂತು ಅವನು ಹೇಳುವಾಗ.

ಪರದೆಯ ಅಪ್ಪ, ಸೊಸೈಟಿ ಬ್ಯಾಂಕಿನ ಕ್ಯಾಷಿಯರ್ ಕುಶಾಲಪ್ಪ,
ಪಕ್ಕದ ಮನೆಗೂ ಕೇಳಲೆಂದು ಬೈದ.
ಅಮ್ಮ ಅಳುವ ಮುನ್ನ ಒಮ್ಮೆ ಕ್ಯಾಮೆರಾ ನೋಡಿ ಅಪ್ಪಣೆ ಕೇಳಿದಳು.
ಮಗಳ ಬಾಯಿ ತೆರೆದು ಮುಚ್ಚಿದ ಮೇಲೆ ಮಾತು ಬಂತು,
ಬಸ್ಸು ತಪ್ಪಿಸಿಕೊಂಡವರ ಹಾಗೆ ಏದುಸಿರು ಬಿಡುತ್ತ.
ಸ್ಟೀಲಿನ ತಟ್ಟೆ ನಾಲ್ಕು ಸಲ ಗೋಡೆಗೆ ಹಾರಿತು.
ನಾಲ್ಕೂ ಸಲ ಅದೇ ತಟ್ಟೆ. ಅಂಚಿನ ಆ ತಗ್ಗು
ಮೊದಲ ಜಗಳಕ್ಕೂ ಮೊದಲೇ ಇತ್ತು.

ಮತ್ತೆ ಆ ಮಂಜು!
ಶೂಟಿಂಗ್ ನಡೆದದ್ದು ಏಪ್ರಿಲ್ಲಿನ ಬಿರುಬಿಸಿಲಲ್ಲಿ.
ಕೊಡಗಿನಲ್ಲಿ ಕೂತು ತೆಂಗಿನ ನಾರು ಸುಟ್ಟು
ಮಂಜು ಮಾಡಿದ ಪುಣ್ಯಾತ್ಮ.
ದುಃಖದ ದೃಶ್ಯದಲ್ಲಿ ಹಿರಿಮಗ ನಿಜಕ್ಕೂ ಕೆಮ್ಮಿದ.
ಇಡೀ ಚಿತ್ರದಲ್ಲಿ ನಾನು ನಂಬಿದ್ದು ಆ ಕೆಮ್ಮನ್ನೊಂದೇ.

ಸಿಟ್ಟು ಬಂದದ್ದು ಅದಕ್ಕಲ್ಲ.
ಕತೆ ಸಾಲದೆಂದು ಒಂದು ರಾತ್ರಿ ನಮ್ಮ ಜಗಲಿಗೆ ಬಂದಿದ್ದ.
ಕೊಟ್ಟಿದ್ದೆ, ಇದ್ದದ್ದನ್ನು ಇದ್ದ ಹಾಗೆ:
ನಮ್ಮ ಮನೆಯಲ್ಲಿ ಯಾರೂ ತಟ್ಟೆ ಎಸೆದವರಲ್ಲ.
ಅಪ್ಪ ಅಮ್ಮ ಹನ್ನೊಂದು ವರ್ಷ ನಾಯಿಯ ಮೂಲಕ ಮಾತಾಡಿದರು.
‘ಜೂಲೀ, ಗ್ಯಾಸಿನವನು ಬಂದಿದ್ದ ಅಂತ ಹೇಳು.’
‘ಜೂಲೀ, ದುಡ್ಡು ಕ್ಯಾಲೆಂಡರಿನ ಹಿಂದಿದೆ ಅನ್ನು.’
ಆ ಬಡಪಾಯಿ ಅವರ ಮುಖ ಇವರ ಮುಖ ನೋಡಿ
ಇಬ್ಬರಿಗೂ ಸಮನಾಗಿ ಬಾಲ ಆಡಿಸುತ್ತಿತ್ತು.
ಅದು ಸತ್ತ ಬೆಳಿಗ್ಗೆ ಅಮ್ಮ ನೇರ ಅಪ್ಪನನ್ನೇ ಕೇಳಿದಳು:
‘ಗುಂಡಿ ಎಲ್ಲಿ ತೆಗೀತೀರಿ?’
ಅಪ್ಪ ಉತ್ತರಿಸಲಿಲ್ಲ. ಹಾರೆ ಹಿಡಿದು
ಚಕ್ಕೋತದ ಬುಡದಲ್ಲಿ ನಿಂತು ತಿರುಗಿ ನೋಡಿದ.
ಅಮ್ಮ ತಲೆಯಾಡಿಸಿದಳು.

ನಾಣಯ್ಯ ಎಲ್ಲ ಕೇಳಿ, ಗಲ್ಲ ಕೆರೆದು,
‘ಜನ ನಂಬಲ್ಲ ಕಣೋ’ ಅಂದ.
‘ಅಲ್ಲದೆ ನಾಯಿಗೆ ಬಜೆಟ್ ಇಲ್ಲ.’
ಊಟದ ಮೇಜು ಮಾತ್ರ ಒಯ್ದ. ವಾಪಸು ತಂದಿಲ್ಲ ಇನ್ನೂ.

ಇಂಟರ್‌ವಲ್ಲಿಗೆ ಸರಿಯಾಗಿ ಕರೆಂಟು ಹೋಯಿತು,
ವಡೆ ತಿಂದವರಲ್ಲಿ ನಾಲ್ವರು ಕತ್ತಲಲ್ಲೇ ಕರಗಿದರು.
ಕೊನೆಗೆ ಐವರೂ ಬೀಗಗಳನ್ನು ಹೊಳೆಗೆಸೆದು ತಬ್ಬಿಕೊಂಡರು.
ಹಿಂದೆಲ್ಲೋ ಯಾರದೋ ಸ್ಕೂಟರು
ಸ್ಟಾರ್ಟಾಗದೆ ಒದೆಸಿಕೊಳ್ಳುತ್ತಲೇ ಇತ್ತು.

ಬಾಗಿಲಲ್ಲಿ ನಾಣಯ್ಯ. ಇಸ್ತ್ರಿ ಹಾಕಿದ ಅಂಗಿ,
ಕೈ ಎಲ್ಲಿಡಬೇಕೆಂದು ತಿಳಿಯದೆ, ‘ಹೇಗಿತ್ತು?’
‘ಮಳೆ ಬರೋ ಹಾಗಿದೆ’ ಅಂದರು ಒಬ್ಬರು.
‘ಕಾಫಿ ಚೆನ್ನಾಗಿತ್ತು’ ಇನ್ನೊಬ್ಬರು.
ಮುಖ ನೋಡಲಾಗದೆ ನಾನೂ ಸುಳ್ಳಾಡಿದೆ,
‘ಸೌಂಡು ಪರವಾಗಿಲ್ಲ.’
ಹಿಡಿದ ಕೈ ಬಿಡಲೇ ಇಲ್ಲ ಅವನು, ತುಂಬ ಹೊತ್ತು.

ಗಡಿಯಾರ ಕಂಬದ ಹತ್ತಿರ ಅಪ್ಪ ನಿಂತ, ಚಪ್ಪಲಿ ನೋಡುತ್ತ:
‘ಕೇಳು ಅವಳನ್ನ. ಆಟೋ ಹಿಡಿಯೋದಾ, ನಡೆದೇ ಹೋಗೋದಾ.’
ಅಮ್ಮ ಸೆರಗು ಹೊದ್ದು ನನ್ನತ್ತ ತಿರುಗಿದಳು:
‘ನಡೆಯೋಣ ಅಂತ ಹೇಳು.
ಮತ್ತೆ, ಆ ಮೇಜು ನಮ್ಮದೇ ಅಲ್ವಾ, ಕೇಳು.’

ಹೇಳಿದೆ. ಕೇಳಿದೆ.
ಇಬ್ಬರ ನಡುವೆ, ಅರ್ಧ ಹೆಜ್ಜೆ ಹಿಂದೆ,
ಮನೆಯವರೆಗೂ.